ಗೆರಾರ್ಡನ ಹಸಿರು

ಬಿಟೊಮ್, 11 ಸೆಪ್ಟೆಂಬರ್ 2016

ಪ್ರೀತಿಯ ಹಿಲ್ಡಕ್ಕನಿಗೆ,

ದೇವರು ಒಳ್ಳೆಯದು ಮಾಡಲಿ. ನಿನ್ನ ಹೊಸ ಕಿವಿಯ ಯಂತ್ರವೂ ಕೈಕೊಟ್ಟಿತು ಎಂದು ಬರೆದಿದ್ದೀಯ. ಹೋಗಲಿ ಬಿಡು. ಫೋನಿನಲ್ಲಿ ನಾನು ಕಿರುಚಿ, ನೀನು ಕಿರುಚಿ, ಪಕ್ಕದ ಮನೆಯವರು ಜಗಳ ಅಂದುಕೊಳ್ಳುವುದಕ್ಕಿಂತ ಕಾಗದವೇ ವಾಸಿ. ನೀನು ಪೋಲೆಂಡ್ ಬಿಟ್ಟು ಗೆಲ್ಸೆನ್‌ಕಿರ್ಖೆನ್ ಸೇರಿ ಮೂವತ್ತೇಳು ವರ್ಷವಾಯಿತು, ನನ್ನ ಕೈಗೂ ಬರೆಯುವುದು ರೂಢಿಯಾಗಿದೆ.

ಸುದ್ದಿ ಒಳ್ಳೆಯದಲ್ಲ. ನಮ್ಮ ಕಟ್ಟಡ ವಾಲುತ್ತಿರುವುದು ನಿನಗೆ ಗೊತ್ತೇ ಇದೆ. ನನ್ನವಳು ತ್ರೂದಾ ಅಡುಗೆಮನೆಯಲ್ಲಿ ಒಂದು ಬಟಾಣಿ ಬೀಳಿಸಿದರೆ ಅದು ತಾನಾಗಿ ಕಿಟಕಿಯ ಕಡೆ ನಡೆದು ಹೋಗುತ್ತದೆ. ಕೆಳಗಿನ ಕಲ್ಲಿದ್ದಲು ತೆಗೆದವರು ನಾವೇ, ಈಗ ಯಾರನ್ನು ಬೈಯುವುದು? ಹೋದ ವಾರ ವಸತಿ ಸಂಘದಿಂದ ಇಂಜಿನಿಯರ್ ಹುಡುಗಿಯೊಬ್ಬಳು ಮಟ್ಟ ನೋಡುವ ಯಂತ್ರ ಹಿಡಿದುಕೊಂಡು ಬಂದಳು. ನನ್ನ ಮೀನಿನ ತೊಟ್ಟಿಯ ಮುಂದೆ ನಿಂತವಳು ಯಂತ್ರವನ್ನು ಚೀಲದಿಂದ ತೆಗೆಯಲೇ ಇಲ್ಲ.

"ಇದನ್ನ ಯಾಕೆ ಹೊತ್ಕೊಂಡು ಬಂದೆ ನಾನು? ನಿಮ್ಮ ನೀರೇ ಹೇಳ್ತಿದೆಯಲ್ಲ" ಅಂದಳು.

ನಿಜ. ಎಡಗಡೆ ಗಾಜಿನಲ್ಲಿ ನೀರು ಬಲಗಡೆಗಿಂತ ಒಂದೂವರೆ ಬೆರಳು ಮೇಲೆ ನಿಂತಿದೆ.

"ಎಷ್ಟು ಲೀಟರ್?"

"ಆರುನೂರು."

"ಕಲ್ಲು, ಗಾಜು, ಮರಳು ಎಲ್ಲ ಸೇರಿ?"

"ಒಂದು ಟನ್ನಿನ ಹತ್ತಿರ."

"ಮೂರನೇ ಮಹಡಿಯಲ್ಲಿ."

"ಹೌದು ತಾಯಿ, ಮೂರನೇ ಮಹಡಿಯಲ್ಲಿ."

ಅವಳು ನಗಲಿಲ್ಲ. ಒಳಗೋಡೆಗೆ ಒತ್ತಿ ನೂರಿಪ್ಪತ್ತು ಲೀಟರಿನ ಒಂದು ಇಟ್ಟುಕೊಳ್ಳಬಹುದು, ಈ ದೊಡ್ಡದು ಅಕ್ಟೋಬರ್ ಮುಗಿಯುವುದರೊಳಗೆ ಹೋಗಬೇಕು ಎಂದು ಬರೆದು ಸಹಿ ಹಾಕಿಸಿಕೊಂಡು ಹೋದಳು.

ನಾನು ಮೂವತ್ತೊಂದು ವರ್ಷ ಗಣಿಯಲ್ಲಿ ಪಂಪು ನೋಡಿಕೊಂಡವನು, ಉಪ್ಪುನೀರನ್ನು ಭೂಮಿಯಿಂದ ಹೊರಗೆ ಹಾಕುತ್ತಿದ್ದವನು. ನಿವೃತ್ತಿಗೆ ಮೊದಲೇ ಅದೇ ಉಪ್ಪುನೀರನ್ನು ನಡುಮನೆಗೆ ತಂದೆನಲ್ಲ ಎಂದು ತ್ರೂದಾ ಇಪ್ಪತ್ತು ವರ್ಷದಿಂದ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಆದರೆ ಆ ಕೊಂಬೆ ಹವಳ ನಿನಗೆ ನೆನಪಿದೆಯಲ್ಲ? 1998ರಲ್ಲಿ ಓಸ್ಟ್ರಾವಾದ ಒಬ್ಬ ಚೆಕ್ ಮಾಸ್ತರರಿಂದ ಬೆಂಕಿಕಡ್ಡಿಯಷ್ಟು ಉದ್ದದ ತುಂಡು ಇಸಿದುಕೊಂಡು, ಕಾಫಿಯ ಥರ್ಮಾಸಿನಲ್ಲಿ ಹಾಕಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದದ್ದು. ಈಗ ಅದು ದೊಡ್ಡ ಬಾಣಲೆಯಷ್ಟು ಅಗಲ. ನಮ್ಮ ಉಪ್ಪುನೀರಿನ ಗೆಳೆಯರ ಕೂಟದಲ್ಲಿ ಪದ್ಧತಿ ಇದು: ನಮ್ಮಲ್ಲಿ ಯಾರು ಮೊದಲು ಒಂದು ಹವಳವನ್ನು ಬೆಳೆಸಿ ಹಂಚಿದರೋ ಅವರ ಹೆಸರೇ ಅದಕ್ಕೆ. ತುಂಡು ಎಷ್ಟು ಕೈ ದಾಟಿದರೂ ಬಾಟಲಿಯ ಮೇಲಿನ ಚೀಟಿಯಲ್ಲಿ ಅದೇ ಹೆಸರು. ಕ್ರಾಕೊವ್‌ನಲ್ಲಿ, ಓಪೋಲೆಯಲ್ಲಿ, ನಾನು ಮುಖ ನೋಡದವರ ಮನೆಗಳಲ್ಲಿ 'ಗೆರಾರ್ಡನ ಹಸಿರು' ಬೆಳೆಯುತ್ತಿದೆ. ಶಾಲೆ ಎಂಟನೇ ತರಗತಿಗೆ ಬಿಟ್ಟವನ ಹೆಸರು ಇನ್ನೆಲ್ಲಿ ಬರೆಯುತ್ತಾರೆ ಹೇಳು.

ಅದನ್ನೂ, ಹಳದಿ ಮೀನು ಬೆರ್ಚಿಕ್‌ನನ್ನೂ ನಮ್ಮ ಎವಾಲ್ಡ್ ರಿಬ್ನಿಕ್‌ಗೆ ಒಯ್ಯುತ್ತಾನೆ. ಪಾರಿವಾಳದ ಧೂಳು ಎದೆಗೆ ಆಗುವುದಿಲ್ಲ ಎಂದು ಡಾಕ್ಟರು ಅವುಗಳನ್ನು ಸಾಕುವುದು ಬಿಡಿಸಿದ ಮೇಲೆ ಅವನೂ ಹೋದ ವರ್ಷದಿಂದ ತೊಟ್ಟಿ ಹಿಡಿದಿದ್ದಾನಲ್ಲ. ಅವನದು ನೆಲಮಹಡಿ, ಸಿಮೆಂಟು ನೆಲ, ಏಳುನೂರು ಲೀಟರು.

"ನಿಮ್ಮ ತಮ್ಮನ ಮನೆಗೆ ತಾನೆ ಹೋಗೋದು, ಅದರಲ್ಲಿ ದುಃಖ ಏನು?" ಅನ್ನುತ್ತಾಳೆ ತ್ರೂದಾ. ನಾನೂ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ. ಬೆಳಗಿನಿಂದ ಹೇಳಿಕೊಳ್ಳುತ್ತಿದ್ದೇನೆ.

ನಿನ್ನ ತಮ್ಮ,
ಗೆರಾರ್ಡ್


ಗೆಲ್ಸೆನ್‌ಕಿರ್ಖೆನ್, 24 ಸೆಪ್ಟೆಂಬರ್ 2016

ಗೆರಾರ್ಡ್ ಮರಿ,

ನಿನ್ನ ಕಾಗದ ಓದಿದೆ. ಮನೆ ವಾಲುತ್ತಿರುವುದಕ್ಕೆ ಎರಡು ಸಾಲು, ಹವಳಕ್ಕೆ ಒಂದು ಪುಟ. ತ್ರೂದಾ ನಿನ್ನ ಜೊತೆ ಹೇಗೆ ಬಾಳುತ್ತಾಳೋ.

ಎವಾಲ್ಡ್‌ಗೆ ಕೊಡುತ್ತಿರುವುದು ಸರಿಯಾಯಿತು. ಆದರೆ ಕೊಡುವುದಾದರೆ ಪೂರ್ತಿ ಕೊಡು. ಚಿಕ್ಕವನಿದ್ದಾಗ ನಿನ್ನ ಹಳೇ ಸೈಕಲ್ಲನ್ನು ಅವನಿಗೆ ಕೊಟ್ಟು, ಅವನು ಗಂಟೆ ಬಾರಿಸಿದಾಗಲೆಲ್ಲ ಕಿಟಕಿಯಿಂದ ಇಣುಕಿ "ನಿಧಾನ, ಅದು ಹಾಳಾಗುತ್ತೆ" ಅಂತಿದ್ದೆ. ಸೈಕಲ್ಲು ಅವನದೋ ನಿನ್ನದೋ ಅಂತ ಅಪ್ಪನಿಗೇ ಕೊನೆಯವರೆಗೂ ತಿಳಿಯಲಿಲ್ಲ.

ಇಲ್ಲಿ ಚಳಿ ಬೇಗ ಬಂತು. ಮಂಡಿ ಹಾಗೇ ಇದೆ.

ಹಿಲ್ಡಕ್ಕ


ಬಿಟೊಮ್, 23 ಅಕ್ಟೋಬರ್ 2016

ಪ್ರೀತಿಯ ಹಿಲ್ಡಕ್ಕನಿಗೆ,

ಮುಗಿಯಿತು. ಹೋದ ಶನಿವಾರ ಎವಾಲ್ಡ್ ವ್ಯಾನು ತಂದ. ನೀರನ್ನು ಡಬ್ಬಿಗಳಿಗೆ ಇಳಿಸಿ, ಕಲ್ಲುಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿ, ಮೂರು ಮಹಡಿ ಇಳಿಸುವಷ್ಟರಲ್ಲಿ ನನಗೆ ಎಪ್ಪತ್ತೆರಡು ವರ್ಷ ಎನ್ನುವುದು ಮಂಡಿಗೆ ನೆನಪಾಯಿತು. ಹವಳದ ದೊಡ್ಡ ಗುಂಪನ್ನು ನಾನೇ ಹಿಡಿದೆ. ಅದರಿಂದ ಎರಡು ಬೆರಳಿನಷ್ಟು ತುಂಡು ನನ್ನ ಹೊಸ ತೊಟ್ಟಿಗೆ ಕತ್ತರಿಸಿಟ್ಟುಕೊಂಡಿದ್ದೇನೆ. ಕಿತ್ತಳೆ ಬಣ್ಣದ ಜೋಡಿ ಮೀನೂ ನನ್ನ ಬಳಿಯೇ ಉಳಿದವು, ಅವಕ್ಕೆ ಚಿಕ್ಕ ಜಾಗ ಸಾಕು.

ಹೊರಡುವಾಗ ಎವಾಲ್ಡ್ ಒಂದು ಬಕೆಟ್ ಮರಳು ಇಳಿಸಿದ. "ಅಣ್ಣಾ, ಇದು ನನ್ನ ತೊಟ್ಟೀದು, ಚೆನ್ನಾಗಿ ತೊಳೆದಿದ್ದೀನಿ. ನಿಂದು ಇಪ್ಪತ್ತು ವರ್ಷದ ಮರಳು, ಅದನ್ನ ಹೊಸದಕ್ಕೆ ಹಾಕ್ಬೇಡ. ನೀನೇ ತಾನೆ ಕೂಟದಲ್ಲಿ ಎಲ್ಲರಿಗೂ ಹೇಳೋದು."

ನಾನು ಹೇಳುವುದನ್ನು ನನಗೇ ಹೇಳುತ್ತಾನೆ. ತಲೆಯಾಡಿಸಿದೆ.

ನಾನೂ ವ್ಯಾನಿನಲ್ಲಿ ಹೋದೆ, ರಿಬ್ನಿಕ್‌ನಲ್ಲಿ ಅವನ ತೊಟ್ಟಿಯ ಮುಂದೆ ಕೋಟು ಬಿಚ್ಚದೆ ನಿಂತು ನೋಡಿದೆ. ಮಗ ಹೊಸ ದೀಪಗಳನ್ನು ಹಾಕಿಸಿಕೊಟ್ಟಿದ್ದಾನೆ, ಬೆಳಗಾಗುವಂತೆ ತಾವೇ ನಿಧಾನ ಹೊತ್ತಿಕೊಳ್ಳುತ್ತವೆ, ಸಂಜೆಯಾದಂತೆ ತಾವೇ ಆರುತ್ತವೆ. ನಾನು ಕೊಳವೆ ದೀಪದಲ್ಲಿ ಇಪ್ಪತ್ತು ವರ್ಷ ತಳ್ಳಿದವನು. ಬೆರ್ಚಿಕ್‌ನನ್ನು ಬಿಟ್ಟ ಕೂಡಲೇ ಅದು ಆ ತುದಿಯಿಂದ ಈ ತುದಿಗೆ ಒಂದು ಸಲ ಈಜಿ, ಇನ್ನೊಂದು ಸಲ ಈಜಿ, ಇಷ್ಟು ದೂರ ಇದೆಯಾ ಎನ್ನುವಂತೆ ತಿರುಗಿತು. ನನ್ನ ಕಡೆ ನೋಡಲಿಲ್ಲ.

ಮೊನ್ನೆ ಎವಾಲ್ಡ್ ಫೋನ್ ಮಾಡಿ, "ಅಣ್ಣಾ, ಬೆರ್ಚಿಕ್ ಮೂರೇ ದಿನಕ್ಕೆ ನನ್ನ ಕೈಯಿಂದ ಪಾಚಿ ಹಾಳೆ ತಿಂದ" ಅಂದ. ನನ್ನ ಕೈಗೆ ಬರಲು ಅದು ಎಂಟು ತಿಂಗಳು ತೆಗೆದುಕೊಂಡಿತ್ತು, ಹಿಲ್ಡಕ್ಕ. ಎಂಟು ತಿಂಗಳು ನಾನು ಪ್ರತಿದಿನ ಐದು ಗಂಟೆಗೆ ಅದೇ ಕುರ್ಚಿಯಲ್ಲಿ ಕೂತು, ಕೈ ನೀರಲ್ಲಿಟ್ಟು ಕಾದಿದ್ದೆ. "ಒಳ್ಳೇದಾಯ್ತು" ಅಂದೆ.

ನಿನ್ನೆ ನೋಡಲು ಹೋದರೆ ಎವಾಲ್ಡ್ ಮನೆಯೊಳಗೆ ಕಂದು ಟೋಪಿ ಹಾಕಿಕೊಂಡು ಕೂತಿದ್ದ. ನನ್ನ ಟೋಪಿಯಂಥದ್ದೇ. ಟೋಪಿಯನ್ನೂ ಬಿಡಲಿಲ್ಲ ನೋಡು. ಏನೂ ಕೇಳದೆ ಕಾಫಿ ಕುಡಿದು ಬಂದೆ.

ಇದನ್ನೆಲ್ಲ ನಿನಗಲ್ಲದೆ ಯಾರಿಗೂ ಬರೆಯುವುದಿಲ್ಲ. ಹರಿದುಹಾಕು.

ಗೆರಾರ್ಡ್


ಬಿಟೊಮ್, 5 ಡಿಸೆಂಬರ್ 2016

ಹಿಲ್ಡಕ್ಕ,

ಆರು ವಾರ ಬರೆಯಲಿಲ್ಲ. ಬರೆಯುವ ಮುಖ ಇರಲಿಲ್ಲ.

ಎವಾಲ್ಡ್ ಕೊಟ್ಟ ಮರಳಿನ ಬಕೆಟ್ ಇನ್ನೂ ಬಾಲ್ಕನಿಯಲ್ಲಿದೆ. ನಾನು ಹಳೆಯ ಮರಳನ್ನೇ ಹೊಸ ತೊಟ್ಟಿಗೆ ಹಾಕಿದೆ. ಯಾರೂ ಮಾಡಬಾರದು ಎಂದು ನಾನೇ ಹದಿನೈದು ವರ್ಷ ಕೂಟದಲ್ಲಿ ನಿಂತು ಹೇಳಿದ ಕೆಲಸ. ಹಳೆ ಮರಳಿನ ಅಡಿಯಲ್ಲಿ ಗಾಳಿ ತಾಗದ ಕಪ್ಪು ಪದರ ಇರುತ್ತದೆ, ಕಲಕಿದರೆ ವಿಷ. ಗೊತ್ತಿದ್ದೂ ಹಾಕಿದೆ. ಎವಾಲ್ಡನ ಮರಳು ನನ್ನ ಮನೆಯಲ್ಲಿ, ನನ್ನ ಹವಳದ ಕೆಳಗೆ ಯಾಕೆ ಇರಬೇಕು ಎಂದು ಅನ್ನಿಸಿತು. ಮೇಲಿನ ಪದರವನ್ನಷ್ಟೇ ತೆಗೆದುಕೊಂಡೆ, ಎರಡು ಸಲ ತೊಳೆದೆ, ಸಾಕು ಅಂದುಕೊಂಡೆ.

ನಾಲ್ಕನೇ ದಿನ ಬೆಳಗ್ಗೆ ಕೋಣೆಯ ಬಾಗಿಲು ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಗಣಿಯಲ್ಲಿ ಆ ವಾಸನೆ ಬಂದರೆ ನಾವು ಎಲ್ಲವನ್ನೂ ಬಿಟ್ಟು ಓಡುತ್ತಿದ್ದೆವು. ಇಲ್ಲಿ ನಾನು ಒಳಗೆ ಹೋದೆ. ಜೋಡಿ ಮೀನು ಎರಡೂ ಮೂಲೆಯಲ್ಲಿ ಪಕ್ಕಪಕ್ಕದಲ್ಲೇ ಬಿದ್ದಿದ್ದವು. ಹವಳದ ತುಂಡಿನಿಂದ ಚರ್ಮ ಸುಲಿದು ನೀರಿನಲ್ಲಿ ತೇಲುತ್ತಿತ್ತು, ಒಳಗಿನ ಬಿಳಿ ಎಲುಬು ಕಾಣುತ್ತಿತ್ತು. ತ್ರೂದಾ ಕಿಟಕಿಗಳನ್ನೆಲ್ಲ ತೆರೆದಳು. ಬಾಲ್ಕನಿಯ ಬಕೆಟ್ಟಿನ ಕಡೆ ಒಮ್ಮೆ ನೋಡಿದಳು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮರಳನ್ನೆಲ್ಲ ಚೆಲ್ಲಿ, ತೊಟ್ಟಿ ತಿಕ್ಕಿ, ಮತ್ತೆ ಮೊದಲಿನಿಂದ ನೀರು ಕಟ್ಟಿದ್ದೇನೆ. ಈಗ ಅದರಲ್ಲಿ ನೀರು, ಕಲ್ಲು, ಪಂಪಿನ ಸದ್ದು. ಮತ್ತೇನಿಲ್ಲ. ಎವಾಲ್ಡ್‌ಗೆ ಹೇಳಿಲ್ಲ. ಫೋನಿನಲ್ಲಿ ಕೇಳಿದ, "ತುಂಡು ಹಿಡೀತಾ ಅಣ್ಣಾ?" ಅಂತ. "ಹೂಂ" ಅಂದೆ.

ಇನ್ನು ಕೂಟದ ಸುದ್ದಿ. ನವೆಂಬರಿನ ಕೊನೆಯ ಶನಿವಾರ ಹೋಗಿದ್ದೆ, ಎವಾಲ್ಡ್ ಆಗಲೇ ಬಂದು ಹೋಗಿದ್ದ. ಮೇಜಿನ ಮೇಲೆ ಸಾಲಾಗಿ ಬಾಟಲಿಗಳು. ಒಂದರಲ್ಲಿ ನನ್ನ ಹವಳ, ನೋಡಿದ ಕೂಡಲೇ ಗೊತ್ತಾಯಿತು, ಕೊಂಬೆ ಕವಲೊಡೆಯುವ ರೀತಿ ನನಗೆ ಗೊತ್ತಿಲ್ಲವೇ? ಆದರೆ ಹಸಿರಲ್ಲ. ತುದಿಗಳೆಲ್ಲ ನೇರಳೆ. ಎವಾಲ್ಡನ ಆ ದೀಪಗಳ ಕೆಲಸ. ನನ್ನ ಬಳಿ ಹದಿನೆಂಟು ವರ್ಷ ಒಂದು ತುದಿಯೂ ನೇರಳೆಯಾಗಿರಲಿಲ್ಲ. ಚೀಟಿಯಲ್ಲಿ ಏನಿತ್ತು ಗೊತ್ತಾ? 'ಎವಾಲ್ಡನ ನೇರಳೆ'.

ಹೊಸ ಸದಸ್ಯನೊಬ್ಬ ನನಗೇ ಅದನ್ನು ತೋರಿಸಿ, "ತಾತ, ಇದನ್ನ ತಗೊಳ್ಳಿ, ಈ ವರ್ಷದ್ದರಲ್ಲೇ ಇದು ಚೆಂದ" ಅಂದ. ನನಗೆ ಬೇಕಾಗಿದ್ದದ್ದು ಅದೇ. ಕೈ ಚಾಚಿದ್ದರೆ ಸಿಗುತ್ತಿತ್ತು. ಆ ಚೀಟಿ ಹೊತ್ತುಕೊಂಡು ಮನೆಗೆ ಬರಲಾಗಲಿಲ್ಲ.

ನಿನ್ನೆ ನಮ್ಮ ಗಣಿಯವರ ಸಂತ ಬಾರ್ಬರಾ ಹಬ್ಬ. ಕಪ್ಪು ಸಮವಸ್ತ್ರ ಹಾಕಿ, ಗರಿಯ ಟೋಪಿ ಇಟ್ಟು, ಹಳೆಯ ಗಣಿ ಗೆಳೆಯರ ಜೊತೆ ಇಗರ್ಜಿಗೆ ಹೋದೆ. ಎಲ್ಲರೂ ಸತ್ತವರಿಗಾಗಿ ಬೇಡುತ್ತಿದ್ದರು. ನಾನು ತಮ್ಮನ ದೀಪ ಸುಟ್ಟುಹೋಗಲಿ ಎಂದು ಯೋಚಿಸುತ್ತಿದ್ದೆ.

ಗೆರಾರ್ಡ್


ಗೆಲ್ಸೆನ್‌ಕಿರ್ಖೆನ್, 14 ಡಿಸೆಂಬರ್ 2016

ಗೆರಾರ್ಡ್,

ಕ್ರಿಸ್ಮಸ್ ಹಿಂದಿನ ಸಂಜೆಗೆ ಎವಾಲ್ಡ್ ನಿಮ್ಮಿಬ್ಬರನ್ನೂ ಕರೆದಿದ್ದಾನೆ ಎಂದು ಕೇಳಿದೆ. ಹೋಗು. ಹೋಗಿ, ಊಟದ ಮೊದಲು ಹಬ್ಬದ ತೆಳು ರೊಟ್ಟಿ ಬಿಲ್ಲೆ ಮುರಿದು ಹಂಚುವಾಗ, "ನಂದು ಸತ್ತುಹೋಯ್ತು, ನನಗೆ ಒಂದು ತುಂಡು ಕೊಡು" ಅನ್ನು. ಆರು ಶಬ್ದ. ಎಣಿಸಿ ನೋಡಿದ್ದೇನೆ. ಆರು ಶಬ್ದಕ್ಕೆ ನಾಲ್ಕು ಪುಟ ಯಾಕೆ ಬರೆಯುತ್ತೀಯ?

ನೀವು ಗಂಡಸರು ಭೂಮಿಯೊಳಗೆ ಎಂಟುನೂರು ಮೀಟರ್ ಇಳಿಯುತ್ತೀರಿ, ಒಂದು ಮೆಟ್ಟಿಲು ಇಳಿಯಲಾರಿರಿ.

ಗಸಗಸೆಯ ಸಿಹಿ ಎವಾಲ್ಡ್ ಮನೆಯಲ್ಲಿ ಅಮ್ಮನ ಹಾಗೆ ಮಾಡುತ್ತಾರೆ. ನನ್ನ ಪಾಲು ತ್ರೂದಾಗೆ.

ಹಿಲ್ಡಕ್ಕ


ಬಿಟೊಮ್, 2 ಜನವರಿ 2017

ಹಿಲ್ಡಕ್ಕ,

ಹೊಸ ವರ್ಷ ನಿನಗೆ ಆರೋಗ್ಯ ತರಲಿ. ನಾನು ಹೋದೆ. ಆರು ಶಬ್ದ ಹೇಳಲಿಲ್ಲ. ಅದಕ್ಕಿಂತ ಕೆಟ್ಟ ಕೆಲಸ ಮಾಡಿದೆ.

ಮೊದಲ ನಕ್ಷತ್ರ ಕಾಣುವ ಮುನ್ನವೇ ತಲುಪಿದ್ದೆವು. ಹೆಂಗಸರು ಅಡುಗೆಮನೆಯಲ್ಲಿದ್ದರು, ಎವಾಲ್ಡ್ ಮೇಜಿನ ಬಟ್ಟೆಯ ಕೆಳಗೆ ಹಬ್ಬದ ಹುಲ್ಲು ಹರಡುತ್ತಿದ್ದ. ನಾನು ಕೈ ತೊಳೆಯುತ್ತೇನೆಂದು ಎದ್ದು ತೊಟ್ಟಿಯ ಕೋಣೆಗೆ ಹೋದೆ. ಅದನ್ನು ಹೇಗೆ ಹೇಳಲಿ. ನನ್ನ ಹವಳ ಎರಡು ತಿಂಗಳಿಗೆ ನನ್ನ ಬಳಿ ಒಂದು ವರ್ಷಕ್ಕೆ ಬೆಳೆಯುವಷ್ಟು ಬೆಳೆದಿದೆ. ಪ್ರತಿ ತುದಿಯಲ್ಲೂ ನೇರಳೆ, ಸಣ್ಣ ಸಣ್ಣ ಮೊಂಬತ್ತಿ ಹಚ್ಚಿಟ್ಟ ಹಾಗೆ. ಚೆನ್ನಾಗಿ ನೋಡಿಕೊಂಡಿದ್ದಾನಲ್ಲ ಎಂದು ಸಂತೋಷಪಡಬೇಕಾಗಿತ್ತು. ನನ್ನ ಬಳಿ ಇದ್ದಷ್ಟು ದಿನ ಅದು ಬದುಕಿತ್ತು ಅಷ್ಟೇ. ಅವನ ಬಳಿ ಹಬ್ಬ ಮಾಡುತ್ತಿದೆ.

ಕೋಟಿನ ಜೇಬಿನಲ್ಲಿ ನನ್ನ ಹವಳ ಕತ್ತರಿಸುವ ಇಕ್ಕಳವಿತ್ತು, ಖಾಲಿ ಸಾಸಿವೆ ಬಾಟಲಿಯೂ ಇತ್ತು. ಯಾಕಿತ್ತು ಎಂದು ಕೇಳಬೇಡ. ಮನೆಯಿಂದ ಹೊರಡುವಾಗಲೇ ಹಾಕಿಕೊಂಡಿದ್ದೆ.

ನಮ್ಮ ಕಡೆ ಹೆಂಗಸರು ಗಿಡದ ಕಡ್ಡಿಯನ್ನು ಕೇಳಿ ತರುವುದಿಲ್ಲ, ಕದ್ದದ್ದೇ ಚೆನ್ನಾಗಿ ಬೇರು ಬಿಡುತ್ತದೆ ಎನ್ನುತ್ತಾರೆ. ತ್ರೂದಾ ಆಸ್ಪತ್ರೆಯ ಕಿಟಕಿಯಿಂದಲೂ ಜೆರೇನಿಯಂ ಚಿವುಟಿದವಳು. ಅದನ್ನೇ ನನಗೆ ನಾನು ಹೇಳಿಕೊಂಡೆ. ಇದು ಕಳ್ಳತನವಲ್ಲ, ಕಡ್ಡಿ ಚಿವುಟುವುದು. ಅದೂ ನನ್ನದೇ ಗಿಡದ್ದು. ಹಿಂದಿನ ಎಡಗಡೆಯಿಂದ, ಕಾಣದ ಕಡೆಯಿಂದ, ಬೆರಳುದ್ದದ ಕೊಂಬೆ ಕತ್ತರಿಸಿ ಅದೇ ನೀರಿನಲ್ಲಿ ಮುಳುಗಿಸಿ, ಬಾಟಲಿಯನ್ನು ಒಳಜೇಬಿಗೆ ಇಳಿಸಿದೆ. ಬೆರ್ಚಿಕ್ ಗಾಜಿನ ಹತ್ತಿರ ಬಂದು ನಿಂತು ಎಲ್ಲವನ್ನೂ ನೋಡಿತು.

ಹೊರಗೆ ಬಂದರೆ ಬಿಲ್ಲೆ ಹಂಚುವ ಹೊತ್ತು. ಎವಾಲ್ಡ್ ನನ್ನ ಎದುರು ನಿಂತು ತನ್ನದನ್ನು ಚಾಚಿದ. ಕಾಗದದಷ್ಟು ತೆಳು ಬಿಲ್ಲೆ, ಅದನ್ನು ಒಬ್ಬರದು ಒಬ್ಬರು ಮುರಿಯಬೇಕು, ಹಳೆಯದನ್ನೆಲ್ಲ ಮನ್ನಿಸಬೇಕು.

"ಅಣ್ಣಾ, ನಿನ್ನ ಮನಸ್ಸಿಗೆ ಏನಾದ್ರೂ ನೋವು ಮಾಡಿದ್ರೆ ಮರೆತುಬಿಡು."

"ನೀನೇನು ಮಾಡಿದ್ದೀಯ" ಅಂದೆ. "ನಿನ್ನ ತೊಟ್ಟಿ ಚೆನ್ನಾಗಿರಲಿ."

ಎದೆಯ ಮೇಲೆ ಬಾಟಲಿ ತಣ್ಣಗಿತ್ತು. ಅವನು ನನ್ನ ತೋಳನ್ನು ಹಿಡಿದು ಒಂದು ಕ್ಷಣ ಹಾಗೇ ನಿಂತ. ನಂತರ ಹುರಿದ ಮೀನು, ಸಾರು, ಗಸಗಸೆ. ನನಗೆ ಯಾವುದರ ರುಚಿಯೂ ಗೊತ್ತಾಗಲಿಲ್ಲ.

ವಾಪಸ್ಸು ಬರುವಾಗ ಕಾರಿನಲ್ಲಿ ತ್ರೂದಾ, "ಏನೋ ಗುಳುಗುಳು ಅಂತಿದೆಯಲ್ಲ?" ಅಂದಳು.

"ಹೊಟ್ಟೆ."

"ನಿಮ್ಮ ಹೊಟ್ಟೆ ಎಡಗಡೆ ಎದೆ ಮೇಲಿದೆಯಾ?"

ಆಮೇಲೆ ಬಿಟೊಮ್ ಬರುವವರೆಗೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು.

ತುಂಡು ಈಗ ತೊಟ್ಟಿಯಲ್ಲಿದೆ. ಮೀನಿಲ್ಲದ ತೊಟ್ಟಿಯಲ್ಲಿ ಒಂದೇ ಒಂದು ಬೆರಳು ಮೇಲಕ್ಕೆತ್ತಿದ ಹಾಗೆ ನಿಂತಿದೆ.

ನಿನ್ನ ತಮ್ಮ


ಬಿಟೊಮ್, 29 ಜನವರಿ 2017

ಹಿಲ್ಡಕ್ಕ,

ನೀನು ಉತ್ತರ ಬರೆದಿಲ್ಲ. ಬರೆಯದಿರುವುದೇ ಸರಿ.

ತುಂಡು ಬುಡದಿಂದ ಬಿಳಿಯಾಗುತ್ತಿದೆ. ಮೊದಲು ನೇರಳೆ ಹೋಯಿತು, ಈಗ ಹಸಿರು ದಿನಕ್ಕೊಂದು ಕಾಳಿನಷ್ಟು ಹೋಗುತ್ತಿದೆ. ಹೊಸ ನೀರು ಮಾಗಲು ಎರಡು ಮೂರು ತಿಂಗಳು ಬೇಕು, ಅದನ್ನೂ ನಾನೇ ಎಲ್ಲರಿಗೂ ಹೇಳಿದವನು. ಕಾಯಲಾಗಲಿಲ್ಲ. ಕದ್ದದ್ದನ್ನು ಎಲ್ಲಿ ಇಟ್ಟುಕೊಂಡು ಕಾಯುವುದು?

ನಿನ್ನೆ ತ್ರೂದಾ ಕಾಫಿ ತಂದು ಪಕ್ಕದಲ್ಲಿ ಕೂತಳು. "ರೀ, ನಿಮಗೆ ಹವಳ ಬೇಕಾ, ಎವಾಲ್ಡನ ಹತ್ರ ಇಲ್ಲದೆ ಇರೋದು ಬೇಕಾ?" ಎಂದು ಕೇಳಿದಳು. ಇಪ್ಪತ್ತನಾಲ್ಕು ಗಂಟೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಗೆ.


ಗೆಲ್ಸೆನ್‌ಕಿರ್ಖೆನ್, 12 ಫೆಬ್ರವರಿ 2017

ಗೆರಾರ್ಡ್ ಮರಿ,

ಇಷ್ಟು ದಿನ ಬರೆಯದಿದ್ದದ್ದು ಸಿಟ್ಟಿನಿಂದಲ್ಲ. ನನ್ನ ಮೇಜಿನ ಮೇಲೆ ಎರಡು ಕಾಗದ ಅಕ್ಕಪಕ್ಕ ಇದ್ದವು, ಒಂದು ನಿನ್ನದು, ಒಂದು ಎವಾಲ್ಡನದು. ಅವನೂ ನನಗೆ ಬರೆಯುತ್ತಾನೆ ಎಂದು ನಿನಗೆ ಯಾವತ್ತೂ ಹೊಳೆದಿಲ್ಲ, ಅಲ್ಲವೇ? ನಿನ್ನಷ್ಟೇ ವರ್ಷಗಳಿಂದ ಬರೆಯುತ್ತಾನೆ. ನಿನ್ನದನ್ನು ಅವನಿಗೆ ತೋರಿಸಿಲ್ಲ, ಅವನದನ್ನು ನಿನಗೆ ತೋರಿಸಿಲ್ಲ. ಈಗ ಮಾತು ತಪ್ಪುತ್ತಿದ್ದೇನೆ. ಪಾಪ ಬಂದರೆ ನನಗಿರಲಿ, ಎಪ್ಪತ್ತಾರು ವರ್ಷದ ಪಾಪಕ್ಕೆ ಇನ್ನೊಂದು ಸೇರಿದರೆ ಏನು.

ಅವನ ಕಾಗದ ಇದರ ಜೊತೆಗಿದೆ. ಕೂತು ಓದು.

ಇನ್ನೊಂದು ಮಾತು. ನಿಮಗಿಬ್ಬರಿಗೂ ಹೊಟ್ಟೆ ಉರಿಸಿಕೊಳ್ಳಲು ನಲವತ್ತು ಕಿಲೋಮೀಟರಿನಲ್ಲಿ ಒಬ್ಬರಿಗೊಬ್ಬರು ಇದ್ದೀರಿ. ಇಲ್ಲಿ ನನಗೆ ಪೋಸ್ಟ್‌ಮ್ಯಾನ್ ಇದ್ದಾನೆ. ನಾನು ಯಾರ ಮೇಲೆ ಉರಿಯಬೇಕು ಎಂದು ಒಮ್ಮೆಯಾದರೂ ಕೇಳಿದ್ದೀರಾ?

ಹಿಲ್ಡಕ್ಕ

(ಜೊತೆಗಿದ್ದ ಕಾಗದ)

ರಿಬ್ನಿಕ್, 8 ಜನವರಿ 2017

ಹಿಲ್ಡಕ್ಕನಿಗೆ ಎವಾಲ್ಡನ ನಮಸ್ಕಾರ.

ಹಬ್ಬಕ್ಕೆ ಅಣ್ಣ ಬಂದಿದ್ದ. ಬಿಲ್ಲೆ ಮುರಿಯುವಾಗ ಅವನ ಬಲತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ಹಿಡಿದು ನೋಡಿದೆ, ಉಪ್ಪುನೀರು. ಮಾರನೇ ದಿನ ಹವಳದ ಹಿಂದೆ ನೋಡಿದರೆ ಒಂದು ಕೊಂಬೆ ಇಲ್ಲ. ಅಷ್ಟು ನೇರವಾಗಿ, ಒಂದು ಚೂರೂ ಉದುರದ ಹಾಗೆ ಕತ್ತರಿಸುವ ಕೈ ಪೋಲೆಂಡಿನಲ್ಲಿ ಒಂದೇ.

ನನಗೆ ಸಿಟ್ಟು ಬರಲಿಲ್ಲ. ಅವನ ತುಂಡು ಸತ್ತಿದೆ ಎಂದು ಆಗ ತಿಳಿಯಿತು. ಅವನಿಗೆಂದೇ ಅಕ್ಟೋಬರಿನಿಂದ ಒಂದು ತುಂಡನ್ನು ಕಲ್ಲಿಗೆ ಅಂಟಿಸಿ ಮೂಲೆಯಲ್ಲಿ ಇಟ್ಟಿದ್ದೇನೆ. ಏನಾದರೂ ಆದರೆ ಇರಲಿ ಅಂತ. ಕೊಡಲು ಹೋದರೆ "ನನ್ನ ಹತ್ರ ಇದೆ" ಅಂದುಬಿಡುತ್ತಾನೆ ಎಂದು ಹೆದರಿ ಕೊಡಲಿಲ್ಲ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಆದರೆ ನನ್ನದೂ ತಪ್ಪಿದೆ ಅಕ್ಕ, ನಿನಗಾದರೂ ಹೇಳಬೇಕು. ಬೆರ್ಚಿಕ್ ನನ್ನ ಕೈಯಿಂದ ತಿನ್ನುತ್ತದೆ ಎಂದು ಅಣ್ಣನಿಗೆ ಹೇಳಿದ್ದು ಸುಳ್ಳು. ಅದು ಒಮ್ಮೆಯೂ ನನ್ನ ಕೈಗೆ ಬಂದಿಲ್ಲ. ಐದು ಗಂಟೆಗೆ ಮೂಲೆಗೆ ಹೋಗಿ ಹೊರಗೆ ನೋಡುತ್ತಾ ನಿಲ್ಲುತ್ತದೆ, ಅಷ್ಟೇ. ಅಣ್ಣನಂಥ ಟೋಪಿ ಕೊಂಡು ಹಾಕಿಕೊಂಡು ಕೂತೆ. ಹತ್ತಿರ ಬಂತು, ಮುಖ ನೋಡಿತು, ತಿರುಗಿ ಹೋಯಿತು. ಅರವತ್ತಾರು ವರ್ಷದ ಮನುಷ್ಯ ನಾನು, ಒಂದು ಮೀನಿನ ಮುಂದೆ ವೇಷ ಹಾಕಿದೆ. ಚಿಕ್ಕವನಿದ್ದಾಗ ಪಾರಿವಾಳಗಳು ಕೂಡ ನನ್ನ ಭುಜಕ್ಕಿಂತ ಅವನ ಭುಜದ ಮೇಲೆ ಬೇಗ ಇಳಿಯುತ್ತಿದ್ದವು, ಅವನಿಗೆ ಅವು ಬೇಕಾಗಿಯೂ ಇರಲಿಲ್ಲ.

ಇನ್ನೊಂದು. ಕೂಟದಲ್ಲಿ ಚೀಟಿಗೆ ನನ್ನ ಹೆಸರು ನಾನು ಬರೆದದ್ದಲ್ಲ, ಬಣ್ಣ ಬೇರೆ ಇದೆ ಎಂದು ಅಲ್ಲಿಯವರೇ ಬರೆದರು. ಆದರೆ ತಿದ್ದಬಹುದಿತ್ತು. ಪೆನ್ನು ನನ್ನ ಜೇಬಿನಲ್ಲಿತ್ತು. ತಿದ್ದಲಿಲ್ಲ. ಜೀವಮಾನದಲ್ಲಿ ಒಂದು ಸಲ "ಗೆರಾರ್ಡನ ತಮ್ಮ" ಅನ್ನದೆ "ಎವಾಲ್ಡ್" ಎಂದು ಬರೆದಿದ್ದರು. ಎರಡು ನಿಮಿಷ ಹಾಗೇ ಇರಲಿ ಅನ್ನಿಸಿತು. ಆರು ವಾರವಾಯಿತು.

ಅವನಿಗೆ ಹೇಳಬೇಡ.

ಎವಾಲ್ಡ್


ಬಿಟೊಮ್, 19 ಫೆಬ್ರವರಿ 2017

ಎವಾಲ್ಡ್,

ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ನಲವತ್ತು ಕಿಲೋಮೀಟರಿಗೆ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಾದರೆ ನಾನು "ಹೂಂ" ಅಂದುಬಿಡುತ್ತೇನೆ.

ಹಿಲ್ಡಕ್ಕ ನಿನ್ನ ಕಾಗದ ಕಳಿಸಿದ್ದಾಳೆ. ಅವಳ ಮೇಲೆ ಸಿಟ್ಟಾಗಬೇಡ. ನನ್ನವನ್ನೂ ನಿನಗೆ ಕಳಿಸು ಎಂದು ಇವತ್ತೇ ಅವಳಿಗೆ ಬರೆದಿದ್ದೇನೆ, ಹರಿದುಹಾಕು ಅಂದಿದ್ದರೂ ಅವಳು ಹರಿದಿರಲಾರಳು. ಓದುವಾಗ ನಿನಗೆ ನೋವಾಗುತ್ತದೆ, ನಿನ್ನ ದೀಪ ಸುಟ್ಟುಹೋಗಲಿ ಎಂದು ಒಂದು ಕಡೆ ಬರೆದಿದ್ದೇನೆ, ಅದೂ ಇಗರ್ಜಿಯಲ್ಲಿ ಕೂತು ಯೋಚಿಸಿದ್ದು. ಆದರೆ ನೀನು ನನ್ನದನ್ನು ಓದದೆ ನಾನು ನಿನ್ನದನ್ನು ಓದಿದ್ದು ಸರಿಯಲ್ಲ.

ಕದ್ದದ್ದು ನಾನೇ. ಹತ್ತನೇ ತಾರೀಕು ಅದು ಪೂರ್ತಿ ಬಿಳಿಯಾಯಿತು. ನಿನ್ನ ಮರಳನ್ನು ಹಾಕದೆ ಹಳೆಯದನ್ನು ಹಾಕಿ ಜೋಡಿ ಮೀನನ್ನೂ ಮೊದಲ ತುಂಡನ್ನೂ ಕೊಂದವನೂ ನಾನೇ. ನೀನು ಹೇಳಿದ್ದೆ. ಹೇಳಿದ್ದು ನೀನು ಎನ್ನುವುದಕ್ಕೇ ಕೇಳಲಿಲ್ಲ.

ಈ ಗುರುವಾರ ನಿನ್ನ ಮರಳನ್ನು ತೊಟ್ಟಿಗೆ ಹಾಕುತ್ತೇನೆ. ಬಂದು ಜೊತೆಗೆ ನಿಂತರೆ ಒಳ್ಳೆಯದು. ಕಟ್ಟಡ ಇನ್ನೊಂದು ಚೂರು ವಾಲಿದೆ, ತೊಟ್ಟಿಯ ಕಾಲಿಗೆ ಹಲಗೆ ಕೊಡಲು ಇಬ್ಬರು ಬೇಕು. ತ್ರೂದಾ ಮಾಂಸದ ಸುರುಳಿಯೂ ಕೆಂಪು ಕೋಸೂ ಮಾಡುತ್ತಾಳೆ. ನೀರು ಮಾಗುವವರೆಗೆ ಕಾಯುತ್ತೇನೆ, ಈ ಸಲ ನಿಜವಾಗಿ ಕಾಯುತ್ತೇನೆ. ಈಸ್ಟರ್ ಕಳೆದ ಮೇಲೆ ನೀನು ಮೂಲೆಯಲ್ಲಿ ಇಟ್ಟಿರುವ ಆ ತುಂಡನ್ನು ನನಗೆ ಕೊಡು. ಕೇಳುತ್ತಿದ್ದೇನೆ.

ಬೆರ್ಚಿಕ್ ನಿನ್ನ ಕೈಗೆ ಬರುತ್ತಿಲ್ಲ ಎಂದು ಓದಿ ನನಗೆ ಎಷ್ಟು ಸಂತೋಷವಾಯಿತು ಎಂದರೆ, ನಾಚಿಕೆಯಾಗಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಟೋಪಿಯಿಂದ ಆಗುವುದಿಲ್ಲ. ಹಾಳೆಯನ್ನು ಎರಡು ಬೆರಳಲ್ಲಿ ಹಿಡಿಯಬೇಡ, ಅಂಗೈ ಮೇಲೆ ಬಿಡಿಸಿ ಇಡು, ಕೈ ಅಲ್ಲಾಡಿಸಬೇಡ, ನೀನು ಅದನ್ನು ನೋಡಲೂಬೇಡ. ಎಂಟು ತಿಂಗಳು ಹಿಡಿಯಬಹುದು. ಇದನ್ನು ನಿನಗೆ ಮೊದಲ ದಿನವೇ ಹೇಳಬೇಕಿತ್ತು. ಬೇಕೆಂದೇ ಹೇಳಲಿಲ್ಲ.

ಇನ್ನು ಹೆಸರು. ಅದು ನಿನ್ನದಾಗಿಯೇ ಇರಲಿ ಎಂದು ದೊಡ್ಡ ಮನಸ್ಸು ಮಾಡಿ ಬರೆದೆ, ಎರಡು ಸಲ ಬರೆದೆ, ಎರಡು ಸಲವೂ ಕಾಗದ ಹರಿದೆ. ನನ್ನ ಕೈಯಲ್ಲಿ ಆಗುವುದಿಲ್ಲ ಎವಾಲ್ಡ್. ನೇರಳೆ ನಿನ್ನ ಕೆಲಸ, ನಾನು ನೂರು ವರ್ಷ ಬದುಕಿದರೂ ಅದು ನನಗೆ ಬರುತ್ತಿರಲಿಲ್ಲ, ಅದನ್ನು ಕೂಟದಲ್ಲಿ ಎದ್ದು ನಿಂತು ಎಲ್ಲರ ಎದುರೂ ಹೇಳುತ್ತೇನೆ. ಆದರೆ ಚೀಟಿಯಲ್ಲಿ 'ಗೆರಾರ್ಡನ ಹಸಿರು' ಎಂದೇ ಬರಿ. ನೇರಳೆಯಾಗಿದ್ದರೂ ಹಾಗೇ ಬರಿ. ಇದ್ಯಾಕೆ ಹೀಗೆ ಎಂದು ಯಾರಾದರೂ ಕೇಳಿದರೆ ನೀನೇ ಹೇಳು, ನಿನಗೆ ಹೇಗೆ ಬೇಕೋ ಹಾಗೆ ಹೇಳು. ನಾನು ಪಕ್ಕದ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.

ನಿನ್ನ ಅಣ್ಣ,
ಗೆರಾರ್ಡ್